ಟ್ಯಾಂಕಿನ ತಳ

ಅಳಿಯಾ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಕಡಲಿಗೆ ಇಳಿಯುವ ಆಗಸ್ಟ್ 1ಕ್ಕೆ ಇನ್ನು ಹತ್ತೇ ದಿನ. ಬಲೆ ಸರಿಯಾಯ್ತು, ಬೋಟಿಗೆ ಬಣ್ಣವೂ ಆಯ್ತು ಎಂದೆ ನೀನು. ಡೀಸೆಲ್ ಟ್ಯಾಂಕಿನ ತಳ ನೋಡಿದ್ಯಾ ಎಂದು ಕೇಳಿದರೆ ಸುಮ್ಮನಾದೆ. ಬೋಟನ್ನು ನಿನ್ನ ಕೈಗೆ ಕೊಟ್ಟವನು ನಾನು, ಹೇಳದೆ ಇರಲಾರೆ.

ಜೂನ್ 1ರಿಂದ ಬೋಟು ಗಂಗೊಳ್ಳಿಯಲ್ಲಿ ಕಟ್ಟಿಯೇ ಇದೆ. ಟ್ಯಾಂಕು ಅರ್ಧ ಖಾಲಿ. ಆ ಖಾಲಿ ಜಾಗದ ತುಂಬ ಮಳೆಗಾಲದ ಹಸಿ ಗಾಳಿ. ತಣ್ಣೀರಿನ ಚೊಂಬಿನ ಹೊರಮೈ ಬೆವರುವ ಹಾಗೆ, ರಾತ್ರಿ ತಣ್ಣಗಾದ ತಗಡಿನ ಒಳಮೈ ಬೆವರುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಡೀಸೆಲ್ ತೂಗುವುದು ಸುಮಾರು 830 ಗ್ರಾಂ. ಹಾಗಾಗಿ ನೀರು ತಳ ಸೇರುತ್ತದೆ. ಎರಡೂ ಸೇರುವಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ.

ಬಂದರಿನಲ್ಲಿ ಇಂಜಿನ್ ಚೆನ್ನಾಗಿಯೇ ಓಡಿತು ಎನ್ನುತ್ತೀಯ. ಓಡದೆ ಏನು? ಡೀಸೆಲ್ ಎಳೆಯುವ ಪೈಪಿನ ಬಾಯಿ ತಳದಿಂದ ಸ್ವಲ್ಪ ಮೇಲಿದೆ, ನೀರು ಅಲ್ಲಾಡದೆ ಕೂತಿದೆ. ಅದು ಏಳುವುದು ಅಳಿವೆಯಲ್ಲಿ, ತೆರೆ ಬೋಟನ್ನು ಎತ್ತಿ ಕುಕ್ಕಿದಾಗ.

ನನ್ನ ಇಂಜಿನ್ ನಿಂತದ್ದೂ ಅಲ್ಲೇ. ಮೀನು ತುಂಬಿಕೊಂಡು ಒಳಗೆ ಬರುತ್ತಿದ್ದೆವು. ಸದ್ದು ಏರಿ ಇಳಿಯಿತು, ಬಿಳಿ ಹೊಗೆ ಬಂತು, ನಿಂತೇಬಿಟ್ಟಿತು. ಬೋಟು ತೆರೆಗೆ ಅಡ್ಡ ತಿರುಗಿತು. ಲಂಗರು ಕಚ್ಚಿದ್ದರಿಂದ ಉಳಿದೆವು. ಕಲಾಸಿಗಳ ಆ ಹೊತ್ತಿನ ಮುಖ ನನಗೆ ಈಗಲೂ ಮರೆತಿಲ್ಲ. ಫಿಲ್ಟರ್ ಬಿಚ್ಚಿದರೆ ಬಟ್ಟಲು ತುಂಬ ನೀರು. ಇನ್ನೊಂದು ಟ್ರಿಪ್ ಆಗಲಿ, ಆಮೇಲೆ ನೋಡುವ ಎಂದವನು ನಾನೇ.

ನೀರು ಇಂಜಿನನ್ನು ನಿಲ್ಲಿಸುವುದಷ್ಟೇ ಅಲ್ಲ. ಪಂಪಿಗೂ ನೋಝಲಿಗೂ ಡೀಸೆಲಿನ ಜಿಡ್ಡೇ ಎಣ್ಣೆ. ನೀರು ಹೊಕ್ಕರೆ ಜಿಡ್ಡು ಹೋಗಿ ಉಜ್ಜಿ ಸವೆಯುತ್ತದೆ, ತುಕ್ಕು ಹಿಡಿಯುತ್ತದೆ. ಆ ರಿಪೇರಿಯ ಖರ್ಚಿನ ಮುಂದೆ ಫಿಲ್ಟರಿನ ಬೆಲೆ ಏನೂ ಅಲ್ಲ.

ಹೊಸ ಡೀಸೆಲ್ ತುಂಬುವ ಮೊದಲೇ ತಳದ್ದನ್ನು ತೆಗೆ. ತುಂಬಿದರೆ ಎಲ್ಲ ಕಲಕಿ ಮತ್ತೆ ಕೂರುವವರೆಗೆ ಕಾಯಬೇಕು. ರಾತ್ರಿಯಿಡೀ ಬೋಟು ಅಲ್ಲಾಡದೆ ಇದ್ದ ಮೇಲೆ, ಬೆಳಿಗ್ಗೆ ಇಂಜಿನ್ ಹಾಕುವ ಮುಂಚೆ ತಳದ ಕಾಕ್ ತಿರುಗಿಸಿ ಗಾಜಿನ ಬಾಟ್ಲಿಗೆ ಹಿಡಿ. ನೀರಿದ್ದರೆ ಅಡಿಯಲ್ಲಿ ಗೆರೆ ಕೊರೆದ ಹಾಗೆ ಬೇರೆ ನಿಲ್ಲುತ್ತದೆ. ಬರೀ ಡೀಸೆಲ್ ಬರುವವರೆಗೆ ಬಿಡು. ಬಿಟ್ಟದ್ದನ್ನು ಡಬ್ಬಿಯಲ್ಲಿ ಹಿಡಿದಿಡು, ಹೊಳೆಗೆ ಚೆಲ್ಲಬೇಡ, ನಮ್ಮ ಅನ್ನ ಇರುವುದು ಅದರಲ್ಲೇ. ಕಪ್ಪು ಲೋಳೆ ಬಂತೋ, ಕಾಕ್ ಬಿಟ್ಟರೆ ಸಾಲದು. ಟ್ಯಾಂಕು ಪೂರ್ತಿ ಖಾಲಿ ಮಾಡಿಸಿ ತೊಳೆಸು.

ಡೆಕ್ಕಿನ ಮೇಲಿನ ಮುಚ್ಚಳದ ರಬ್ಬರ್ ಬಿರಿದಿದ್ದರೆ ಬದಲಿಸು, ತೆರೆ ನೀರು ಅಲ್ಲಿಂದಲೇ ಇಳಿಯುತ್ತದೆ. ಬ್ಯಾರಲನ್ನು ಮಳೆಯಲ್ಲಿ ನೇರ ನಿಲ್ಲಿಸಬೇಡ. ತಲೆಯ ಮೇಲೆ ನಿಂತ ನೀರನ್ನು ರಾತ್ರಿ ತಣ್ಣಗಾಗುವಾಗ ಅದು ಬಿರಡೆಯ ಸಂದಿನಿಂದ ಒಳಗೆಳೆದುಕೊಳ್ಳುತ್ತದೆ. ಎರಡು ಹೊಸ ಫಿಲ್ಟರ್ ಬೋಟಿನಲ್ಲೇ ಇರಲಿ. ಬದಲಿಸಿದ ಮೇಲೆ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಕೈಪಂಪು ಒತ್ತಿ ಗಾಳಿ ತೆಗೆಯುವುದನ್ನು ಒಬ್ಬ ಕಲಾಸಿಗಾದರೂ ಕಲಿಸು. ಅಳಿವೆಯಲ್ಲಿ ಇಂಜಿನ್ ನಿಂತ ಹೊತ್ತಿಗೆ ನೀನು ಚುಕ್ಕಾಣಿ ಬಿಡುವ ಹಾಗಿರುವುದಿಲ್ಲ. ಬರುವ ಮೇ ಕೊನೆಗೆ ಬೋಟು ಕಟ್ಟುವಾಗ ಟ್ಯಾಂಕು ತುಂಬಿಸಿಯೇ ಕಟ್ಟು.

ನಾಳೆ ಬೆಳಕು ಹರಿಯುವಾಗ ಬರುತ್ತೇನೆ. ಬಾಟ್ಲಿ ತೊಳೆದು ಒಣಗಿಸಿಡು. ನಾನು ಬರುವ ತನಕ ಇಂಜಿನ್ ಹಾಕಬೇಡ.