ನಮ್ಮ ಸೀಮೆಯ ಹಿಂದಿನ ಆಡಳಿತ: ಒಡೆಯನಿಂದ ಉಗ್ರಾಣಿಯವರೆಗೆ

ಚರಿತ್ರೆಯ ಪಾಠದಲ್ಲಿ ನಾವು ಅರಸರ ಹೆಸರುಗಳನ್ನೂ ಯುದ್ಧಗಳ ಇಸವಿಗಳನ್ನೂ ಕಲಿಯುತ್ತೇವೆ. ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸುತ್ತೇವೆ. ಆದರೆ ವಿಜಯನಗರದ ಅರಸನು ಹಂಪೆಯಲ್ಲಿ ಸಿಂಹಾಸನವೇರಿ ಕುಳಿತಿದ್ದಾಗ, ಇಲ್ಲಿ ಪಯಸ್ವಿನಿಯ ದಡದಲ್ಲಿ ಗದ್ದೆ ಉಳುತ್ತಿದ್ದ ಒಕ್ಕಲಿಗೆ ಸರಕಾರವೆಂದರೆ ಯಾರು? ಅವನು ಹಂಪೆಯನ್ನು ಕಂಡವನಲ್ಲ. ಅರಸನು ಅವನನ್ನು ಕಂಡವನಲ್ಲ. ಅವನ ಪಾಲಿಗೆ ಸರಕಾರವೆಂದರೆ ಕೊಯ್ಲಿನ ಕಾಲಕ್ಕೆ ಅಂಗಳದಲ್ಲಿ ಬಂದು ನಿಲ್ಲುವ ಆಳು; ಅವನ ಹಿಂದೆ ಲೆಕ್ಕದ ಪುಸ್ತಕ ಹಿಡಿದ ಕರಣಿಕ; ಅವರಿಬ್ಬರ ಹಿಂದೆ ಊರಿನ ಮುಖ್ಯಸ್ಥ. ‘ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದುದರಿಂದ ಈ ಲೇಖನದಲ್ಲಿ ನಾವು ಅರಸರನ್ನು ಸ್ವಲ್ಪ ಬದಿಗಿಟ್ಟು, ನಮ್ಮ ಸೀಮೆಯ ಸಣ್ಣ ಅಧಿಕಾರಿಗಳ ಕಥೆಯನ್ನು ತಿಳಿಯಲು ಪ್ರಯತ್ನಿಸೋಣ.

ರಾಜ್ಯ, ಸೀಮೆ, ಮಾಗಣೆ, ಗ್ರಾಮ

ತುಳುನಾಡನ್ನು ಬಹುಕಾಲ ಆಳಿದವರು ಆಳುಪರು. ಮಂಗಳೂರು, ಉದ್ಯಾವರ, ಬಾರಕೂರುಗಳು ಬೇರೆ ಬೇರೆ ಕಾಲದಲ್ಲಿ ಅವರ ರಾಜಧಾನಿಗಳಾಗಿದ್ದುವು. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಈ ನಾಡು ವಿಜಯನಗರದ ಆಳ್ವಿಕೆಗೆ ಸೇರಿತು. ವಿಜಯನಗರದವರು ಕರಾವಳಿಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂಬ ಎರಡು ಮುಖ್ಯ ಭಾಗಗಳಾಗಿ ಮಾಡಿದರು. ಇಲ್ಲಿ ‘ರಾಜ್ಯ’ ಎಂದರೆ ಸ್ವತಂತ್ರ ರಾಜ್ಯವಲ್ಲ, ನಾವು ಇಂದು ಜಿಲ್ಲೆ ಅಥವಾ ಪ್ರಾಂತವೆನ್ನುವಂಥದು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಅದನ್ನು ನೋಡಿಕೊಳ್ಳಲು ರಾಜಧಾನಿಯಿಂದ ನೇಮಕವಾಗಿ ಬಂದವನಿಗೆ ‘ಒಡೆಯ’ನೆಂದು ಹೆಸರು. ಈ ಒಡೆಯರು ಆಗಾಗ ಬದಲಾಗುತ್ತಿದ್ದರು. ದೂರದ ನಾಡಿನಲ್ಲಿ ಒಬ್ಬನೇ ಬಹುಕಾಲ ಬೇರೂರಿದರೆ ಅವನೇ ಅರಸನಾಗಿಬಿಡಬಹುದೆಂಬ ಎಚ್ಚರ ಇದರಲ್ಲಿ ಕಾಣುತ್ತದೆ.

ಒಡೆಯನ ಕೆಳಗೆ ಸ್ಥಳೀಯ ಅರಸು ಮನೆತನಗಳಿದ್ದುವು. ಕಾರ್ಕಳದ ಭೈರರಸರು, ಮೂಡಬಿದಿರೆಯ ಚೌಟರು, ಬಂಗಾಡಿಯ ಬಂಗರು, ವೇಣೂರಿನ ಅಜಿಲರು, ವಿಟ್ಲದ ಹೆಗ್ಗಡೆಗಳು, ತೆಂಕಣದಲ್ಲಿ ನಮ್ಮ ಕುಂಬಳೆಯ ಅರಸರು – ಹೀಗೆ. ಇವರು ಮೇಲಿನವರಿಗೆ ಕಪ್ಪವನ್ನು ಒಪ್ಪಿಸಿ ತಮ್ಮ ತಮ್ಮ ಸೀಮೆಗಳನ್ನು ವಂಶಪಾರಂಪರ್ಯವಾಗಿ ಆಳುತ್ತಿದ್ದರು. ಸೀಮೆಯೊಳಗೆ ಮಾಗಣೆಗಳು, ಮಾಗಣೆಯೊಳಗೆ ಗ್ರಾಮಗಳು. ‘ಅಡೂರು, ಮಧೂರು, ಕಾವು, ಕಣಿಯಾರ’ ಎಂದು ಹಿರಿಯರು ಒಂದೇ ಉಸಿರಿನಲ್ಲಿ ಹೇಳುವುದನ್ನು ನಾವು ಕೇಳಿದ್ದೇವೆ. ಕುಂಬಳೆ ಸೀಮೆಯ ನಾಲ್ಕು ಮುಖ್ಯ ದೇವಾಲಯಗಳು ಇವು. ಸೀಮೆ ಎಂಬ ಮಾತು ಕಂದಾಯದ ಲೆಕ್ಕದಿಂದ ಅಳಿದು ಹೋಗಿದ್ದರೂ ದೇವಾಲಯಗಳ ಮೂಲಕ ಜನರ ಬಾಯಲ್ಲಿ ಇನ್ನೂ ಉಳಿದಿದೆ.

ಅಧಿಕಾರಿಗಳು ಯಾರು?

ಹಳೆಯ ಶಾಸನಗಳಲ್ಲಿ ಹೆಗ್ಗಡೆ, ಅಧಿಕಾರಿ, ಸೇನಬೋವ ಮುಂತಾದ ಹೆಸರುಗಳು ಬರುತ್ತವೆ. ಇವರಲ್ಲಿ ಸೇನಬೋವನು ಲೆಕ್ಕ ಬರೆಯುವವನು. ಈ ಹೆಸರೇ ಕಾಲಕ್ರಮದಲ್ಲಿ ‘ಶ್ಯಾನುಭೋಗ’ ಎಂದಾಯಿತು. ವಿಜಯನಗರದ ಕಡೆಯ ಕಾಲದಲ್ಲಿಯೂ ಇಕ್ಕೇರಿ ನಾಯಕರ ಕಾಲದಲ್ಲಿಯೂ ‘ಪಾರುಪತ್ಯಗಾರ’ನೆಂಬ ಮೇಲ್ವಿಚಾರಕನ ಹೆಸರು ಕೇಳಿಬರುತ್ತದೆ. ಊರೊಳಗೆ ಗುತ್ತಿನ ಮನೆಗಳ ಯಜಮಾನರಿಗೆ ಮಾನಮರ್ಯಾದೆ ಇತ್ತು. ದೈವದ ಚಾವಡಿಯಲ್ಲಿ ನ್ಯಾಯ ತೀರ್ಮಾನ ನಡೆಯುತ್ತಿತ್ತು. ಊರಿನ ಹಿರಿಯರ ಕೂಟಕ್ಕೆ ಶಾಸನಗಳಲ್ಲಿ ‘ಜಗತ್ತು’ ಎಂಬ ಹೆಸರುಂಟು. ಪೇಟೆಗಳಲ್ಲಿ ಸೆಟ್ಟಿಕಾರರ, ಹಲರ ಸಂಘಗಳಿದ್ದುವು. ದೇವಸ್ಥಾನಕ್ಕೆ ಭೂಮಿ ಬಿಡುವಾಗ ಇಂತಹವರ ಒಪ್ಪಿಗೆಯನ್ನೂ ಶಾಸನದಲ್ಲಿ ಬರೆಯಿಸುತ್ತಿದ್ದರು. ಅಂದರೆ ಅಧಿಕಾರವು ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುತ್ತಿರಲಿಲ್ಲ. ಊರಿನವರ ಮಾತಿಗೂ ಒಂದು ಸ್ಥಾನವಿತ್ತು. ಆದರೆ ಆ ‘ಊರಿನವರು’ ಎಂಬ ಮಾತಿನಲ್ಲಿ ಗದ್ದೆಯಲ್ಲಿ ದುಡಿಯುವ ಆಳುಗಳೂ ಹೆಂಗಸರೂ ಸೇರಿರಲಿಲ್ಲ ಎಂಬುದನ್ನೂ ನಾವು ಪ್ರಾಮಾಣಿಕವಾಗಿ ಹೇಳಬೇಕು.

ಮುಂದೆ ಇಂಗ್ಲಿಷರ ಕಾಲದಲ್ಲಿ ಈ ಏರ್ಪಾಡು ಇನ್ನಷ್ಟು ಖಚಿತವಾಯಿತು. ಗ್ರಾಮದಲ್ಲಿ ಮೂವರು: ಪಟೇಲ, ಶ್ಯಾನುಭೋಗ, ಉಗ್ರಾಣಿ. ಕಂದಾಯವನ್ನು ವಸೂಲು ಮಾಡುವುದು, ಊರಿನಲ್ಲಿ ನಡೆದ ಅಪರಾಧಗಳನ್ನೂ ಜನನಮರಣಗಳನ್ನೂ ಮೇಲಕ್ಕೆ ತಿಳಿಸುವುದು ಪಟೇಲನ ಕೆಲಸ. ಯಾರ ವರ್ಗ ಎಷ್ಟು, ತೀರುವೆ ಎಷ್ಟು, ಬಾಕಿ ಎಷ್ಟು ಎಂದು ಬರೆದಿಡುವುದು ಶ್ಯಾನುಭೋಗನ ಕೆಲಸ. ಕರೆ ಕಳುಹಿಸಿದರೆ ಮನೆಮನೆಗೆ ನಡೆದು ಹೋಗಿ ತಿಳಿಸುವುದು, ವಸೂಲಾದ ಹಣದೊಂದಿಗೆ ಕಾವಲಾಗಿ ಹೋಗುವುದು ಉಗ್ರಾಣಿಯ ಕೆಲಸ. ಇವರ ಮೇಲೆ ತಾಲೂಕಿನಲ್ಲಿ ತಹಶೀಲ್ದಾರ, ಜಿಲ್ಲೆಯಲ್ಲಿ ಕಲೆಕ್ಟರ.

ಇದರಲ್ಲಿ ಒಂದು ಜಾಣ್ಮೆಯಿದೆ. ಹಣ ಎತ್ತುವವನು ಬೇರೆ, ಲೆಕ್ಕ ಬರೆಯುವವನು ಬೇರೆ. ಒಬ್ಬನ ಕೈಯನ್ನು ಇನ್ನೊಬ್ಬನ ಕಣ್ಣು ಕಾಯಬೇಕು. ಆದರೆ ಇಬ್ಬರೂ ಒಂದಾದರೆ? ಆಗ ಒಕ್ಕಲಿನ ಗತಿಯೇನು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಬೇರೆ ದೇಶದಲ್ಲಿ ಹೇಗಿತ್ತು?

ಇದು ನಮ್ಮ ನಾಡಿನ ಸಮಸ್ಯೆ ಮಾತ್ರವಲ್ಲ. ಅದೇ ಹದಿಮೂರು ಹದಿನಾಲ್ಕನೆಯ ಶತಮಾನಗಳಲ್ಲಿ ಯುರೋಪಿನ ಜರ್ಮನ್ ನಾಡುಗಳಲ್ಲಿಯೂ ಸಣ್ಣ ದೊಡ್ಡ ಪ್ರಭುಗಳು ತಮ್ಮ ಸೀಮೆಗಳನ್ನು ‘ಆಮ್ಟ್’ ಎಂಬ ವಿಭಾಗಗಳಾಗಿ ಮಾಡಿದ್ದರು. ಆಮ್ಟ್ ಎಂದರೆ ಸುಮಾರಾಗಿ ನಮ್ಮ ಮಾಗಣೆ ಅಥವಾ ತಾಲೂಕು ಇದ್ದಂತೆ. ಅದರ ಕೇಂದ್ರ ಹೆಚ್ಚಾಗಿ ಒಂದು ಕೋಟೆ. ಅಲ್ಲಿ ‘ಆಮ್ಟ್‌ಮಾನ್’ ಎಂಬ ಅಧಿಕಾರಿ ಕುಳಿತು ಕಾವಲನ್ನೂ ನ್ಯಾಯವನ್ನೂ ನೋಡುತ್ತಿದ್ದ. ಕೆಲವು ಕಡೆ ಅವನಿಗೆ ‘ಫೋಗ್ಟ್’ ಎಂದು ಹೆಸರು. ಧಾನ್ಯ, ದ್ರಾಕ್ಷಾಮದ್ಯ ಮುಂತಾದ ಸುಂಕದ ವಸ್ತುಗಳನ್ನು ಬರಮಾಡಿ ಉಗ್ರಾಣದಲ್ಲಿಡಲು ‘ಕೆಲ್ನರ್’ ಎಂಬವನಿದ್ದ. ಹಳ್ಳಿಯಲ್ಲಿ ‘ಶುಲ್ಟ್‌ಹೈಸ್’ ಎಂಬ ಮುಖ್ಯಸ್ಥನಿದ್ದ. ಅವನು ಊರಿನ ನ್ಯಾಯಸಭೆಯನ್ನು ನಡೆಸುವಾಗ ಅದೇ ಊರಿನ ಹಿರಿಯರು ಕುಳಿತು ತೀರ್ಪು ಹೇಳುತ್ತಿದ್ದರು. ಯಾರು ಎಷ್ಟು ಕೊಡಬೇಕೆಂಬುದನ್ನು ‘ಉರ್ಬಾರ್’ ಎಂಬ ಪುಸ್ತಕದಲ್ಲಿ ಬರೆದಿಡುತ್ತಿದ್ದರು.

ಹೆಸರುಗಳು ನಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ಶುಲ್ಟ್‌ಹೈಸನ ಜಾಗದಲ್ಲಿ ನಮ್ಮ ಊರಿನ ಯಜಮಾನನನ್ನೂ ಉರ್ಬಾರಿನ ಜಾಗದಲ್ಲಿ ಶ್ಯಾನುಭೋಗನ ಕಡತವನ್ನೂ ಇಟ್ಟು ನೋಡಿದರೆ ಚಿತ್ರ ಪರಿಚಿತವೇ ಆಗುತ್ತದೆ. ಅಲ್ಲಿಯೂ ಒಂದು ತೊಡಕಿತ್ತು. ಮೊದಲು ಪ್ರಭುಗಳು ಅಧಿಕಾರವನ್ನು ಉಂಬಳಿಯಾಗಿ ಕೊಡುತ್ತಿದ್ದರು. ಅದು ತಂದೆಯಿಂದ ಮಗನಿಗೆ ಹೋಗಿ, ಕೊನೆಗೆ ಪ್ರಭುವಿನ ಮಾತನ್ನೇ ಯಾರೂ ಕೇಳದಂತಾಯಿತು. ಆದುದರಿಂದಲೇ ಆಮ್ಟ್‌ಮಾನನನ್ನು ಬೇಕಾದಾಗ ತೆಗೆದುಹಾಕಬಹುದಾದ ನೌಕರನನ್ನಾಗಿ ಮಾಡಿದರು. ನಮ್ಮಲ್ಲಿ ಮೇಲಿನ ಒಡೆಯನು ಬದಲಾಗುತ್ತಿದ್ದ. ಆದರೆ ಕೆಳಗಿನ ಶ್ಯಾನುಭೋಗಿಕೆ, ಪಟೇಲಿಕೆಗಳು ಹೆಚ್ಚಾಗಿ ಮನೆತನದ ಸ್ವತ್ತಾಗಿಯೇ ಉಳಿದುವು.

ಕಡತದ ಬಲ

ಕಡತವೆಂದರೇನೆಂದು ಇಂದಿನ ಮಕ್ಕಳಿಗೆ ಹೇಳಬೇಕು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಮಾಡಿದ ಕಪ್ಪು ಪುಸ್ತಕವದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ನಮ್ಮ ಸ್ಲೇಟನ್ನು ಮಡಚಿ ಇಡುವಂತಿದ್ದರೆ ಹೇಗೆ, ಹಾಗೆ! ಬೇಕೆಂದರೆ ಅಳಿಸಿ ಮತ್ತೆ ಬರೆಯಬಹುದು. ಇದೇ ಅದರ ಗುಣ, ಇದೇ ಅದರ ದೋಷ.

ಈ ಲೆಕ್ಕಪತ್ರಗಳ ಬಲವೆಷ್ಟೆಂಬುದು 1799ರಲ್ಲಿ ಗೊತ್ತಾಯಿತು. ಟಿಪ್ಪು ಸುಲ್ತಾನನ ಪತನದ ನಂತರ ಕನ್ನಡ ಜಿಲ್ಲೆಯು ಇಂಗ್ಲಿಷ್ ಕಂಪೆನಿಯ ವಶವಾಗಿ ಥಾಮಸ್ ಮನ್ರೋ ಮೊದಲ ಕಲೆಕ್ಟರನಾಗಿ ಬಂದನು. ಎಷ್ಟು ಕಂದಾಯ ಹಾಕಬೇಕು? ಅವನಿಗೆ ನಾಡು ಹೊಸದು. ಆಗ ಅವನು ಶ್ಯಾನುಭೋಗರ ಹಳೆಯ ಲೆಕ್ಕಗಳನ್ನೇ ತರಿಸಿ ನೋಡಿದನು. 1800ರಲ್ಲಿ ಅವನು ಕಳುಹಿಸಿದ ವರದಿಯ ಪ್ರಕಾರ, ವಿಜಯನಗರದ ಹರಿಹರನ ಕಾಲದ ಕಟ್ಟಳೆ ಹೀಗಿತ್ತು: 30 ಅಳತೆ ಭತ್ತ ಬೆಳೆದರೆ 15 ಉಳುವವನಿಗೆ, ಏಳೂವರೆ ಭೂಮಿಯ ಒಡೆಯನಿಗೆ, ಉಳಿದ ಏಳೂವರೆ ಸರಕಾರದ ಪಾಲು. ಈ ಏಳೂವರೆಯಲ್ಲಿ 5 ಅರಮನೆಗೆ, ಒಂದೂವರೆ ಬ್ರಾಹ್ಮಣರಿಗೆ, 1 ದೇವಸ್ಥಾನಕ್ಕೆ. ವಿದ್ಯಾರ್ಥಿಗಳು ಕೂಡಿಸಿ ನೋಡಲಿ, ಲೆಕ್ಕ ಸರಿಯಾಗುತ್ತದೆ. ಈ ಮೂಲ ತೀರುವೆಗೆ ‘ರೇಖೆ’ ಎಂದು ಹೆಸರು. ಇಕ್ಕೇರಿಯವರು ಅದರ ಮೇಲೆ ಅರ್ಧದಷ್ಟು ಏರಿಸಿದರೆಂದೂ, 1763ರ ಬಳಿಕ ಹೈದರ್ ಮತ್ತು ಟಿಪ್ಪು ಅದಕ್ಕೆ ‘ಶಾಮಿಲು’ ಎಂಬ ಹೊಸ ತೆರಿಗೆಗಳನ್ನು ಸೇರಿಸಿದರೆಂದೂ ಅದೇ ವರದಿ ಹೇಳುತ್ತದೆ. ರಾಜವಂಶಗಳು ಬಂದುವು, ಹೋದುವು. ಕುಂಬಳೆಯ ಅರಸರೂ 1804ರಲ್ಲಿ ಕಂಪೆನಿಯಿಂದ ಪಿಂಚಣಿ ಪಡೆದು ಅಧಿಕಾರದಿಂದ ದೂರವಾದರು. ಆದರೆ ಲೆಕ್ಕದ ಪುಸ್ತಕವು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತ ಉಳಿಯಿತು. ಪ್ರತಿಯೊಬ್ಬ ಹೊಸ ಒಡೆಯನೂ ಹಿಂದಿನವನ ಲೆಕ್ಕದ ಕೆಳಗೆ ತನ್ನದೊಂದು ಸಾಲನ್ನು ಕೂಡಿಸಿದನೇ ಹೊರತು ಕಳೆದವರು ವಿರಳ.

ಜನರು ಸುಮ್ಮನಿದ್ದರೇ?

ಇಲ್ಲ. 1830-31ರಲ್ಲಿ ಬೆಳೆ ಕೈಕೊಟ್ಟು ಧಾನ್ಯದ ಬೆಲೆ ಇಳಿದಾಗ ಜಿಲ್ಲೆಯ ರೈತರು ಕಂದಾಯ ಕೊಡಲಾರೆವೆಂದು ಒಟ್ಟುಸೇರಿದರು. ಈ ಸಭೆಗಳಿಗೆ ‘ಕೂಟ’ಗಳೆಂದು ಹೆಸರು. ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಕಡೆಯಲ್ಲಿಯೂ ಕೂಟಗಳು ನಡೆದುವು. ರೈತರು ಅರ್ಜಿಗಳನ್ನು ಬರೆಯಿಸಿದರು. ತಹಶೀಲ್ದಾರನ ಮಾತಿಗೆ ಬಗ್ಗದೆ ಕಲೆಕ್ಟರನೇ ಬಂದು ಕೇಳಲೆಂದು ಹಟ ಹಿಡಿದರು. ಕೈಯಲ್ಲಿ ಕತ್ತಿ ಹಿಡಿಯದೆ ಕಾಗದ ಹಿಡಿದು ನಡೆಸಿದ ಹೋರಾಟವಿದು. ಕಡತಕ್ಕೆ ಅರ್ಜಿಯೇ ಉತ್ತರವೆಂಬುದನ್ನು ನಮ್ಮ ಹಿರಿಯರು ಆಗಲೇ ಕಂಡುಕೊಂಡಿದ್ದರು.

ಹೆಸರಿಲ್ಲದ ಒಕ್ಕಲು

ಆದರೆ ಅರ್ಜಿ ಬರೆಯಲೂ ಪುಸ್ತಕದಲ್ಲಿ ಹೆಸರು ಬೇಕಲ್ಲವೇ? ಶ್ಯಾನುಭೋಗನ ಲೆಕ್ಕದಲ್ಲಿ ಇರುತ್ತಿದ್ದುದು ವರ್ಗದಾರನ ಹೆಸರು. ಅವನ ಕೈಕೆಳಗೆ ಮೂಲಗೇಣಿಯವರು, ಚಾಲಗೇಣಿಯವರು. ಮೂಲಗೇಣಿಯವನಿಗೆ ಶಾಶ್ವತವಾದ ಹಕ್ಕಿತ್ತು. ಚಾಲಗೇಣಿಯವನನ್ನು ಭೂಮಿಯ ಒಡೆಯನು ಬಿಡಿಸಬಹುದಾಗಿತ್ತು. ಅವನ ಗೇಣಿ ಎಷ್ಟೋ ಕಡೆ ಬಾಯಿಮಾತಿನದು. ಮೂರು ತಲೆಮಾರು ಒಂದೇ ಗದ್ದೆಯನ್ನು ಉತ್ತವನ ಹೆಸರು ಸರಕಾರದ ಯಾವ ಪುಸ್ತಕದಲ್ಲಿಯೂ ಇಲ್ಲದಿರುವುದು ಸಾಧ್ಯವಿತ್ತು. ಅವನ ಬೆವರು ಮಣ್ಣಿನಲ್ಲಿತ್ತು, ಹೆಸರು ಮಾತ್ರ ಕಾಗದದಲ್ಲಿ ಇರಲಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಕೇರಳದ ಭೂಸುಧಾರಣೆಯ ಕಾನೂನಿನಂತೆ 1970ರ ಜನವರಿ 1ರಿಂದ ಗೇಣಿ ಪದ್ಧತಿ ಕೊನೆಗೊಂಡಿತು. ಆಗ ಗೇಣಿದಾರರು ಭೂನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಿ ತಮ್ಮ ಹಕ್ಕನ್ನು ತೋರಿಸಬೇಕಾಯಿತು. ಗೇಣಿಯ ರಶೀದಿಯನ್ನು ಜೋಪಾನವಾಗಿ ಇಟ್ಟುಕೊಂಡವನ ಕೆಲಸ ಸುಲಭ. ರಶೀದಿಯನ್ನೇ ಕೇಳದವನು, ಕೇಳಲು ಅಂಜಿದವನು, ಕೊಟ್ಟ ಕಾಗದದಲ್ಲಿ ಏನಿದೆಯೆಂದು ಓದಲು ಬಾರದವನು ಸಾಕ್ಷಿಗಳನ್ನು ಹುಡುಕುತ್ತ ಅಲೆಯಬೇಕು. ಕಾನೂನು ಒಂದೇ, ಆದರೆ ಅಕ್ಷರ ಬಲ್ಲವನಿಗೆ ಅದು ಬಾಗಿಲು, ಬಾರದವನಿಗೆ ಗೋಡೆ.

ಇಂದಿನ ನಾವು

ಇಂದು ಪಟೇಲನಿಲ್ಲ, ಶ್ಯಾನುಭೋಗನಿಲ್ಲ, ಉಗ್ರಾಣಿಯಿಲ್ಲ. ಗ್ರಾಮ ಕಚೇರಿಯಲ್ಲಿರುವ ಅಧಿಕಾರಿ ಪರೀಕ್ಷೆ ಬರೆದು ನೇಮಕಗೊಂಡವರು. ವರ್ಗವಾಗಿ ಬರುತ್ತಾರೆ, ಹೋಗುತ್ತಾರೆ. 1984ರ ಮೇ 24ರಂದು ಕಾಸರಗೋಡೇ ಒಂದು ಜಿಲ್ಲೆಯಾಯಿತು. ನಮ್ಮ ಅಡೂರು ದೇಲಂಪಾಡಿ ಪಂಚಾಯತಿಗೆ ಸೇರಿದೆ. ಪಂಚಾಯತಿನ ಸದಸ್ಯರನ್ನು ನಮ್ಮ ತಂದೆತಾಯಿಗಳೇ ಓಟು ಹಾಕಿ ಆರಿಸುತ್ತಾರೆ. ಹಿಂದಿನ ‘ಜಗತ್ತಿ’ನಲ್ಲಿ ಸ್ಥಾನವಿಲ್ಲದವರಿಗೆ ಇಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕಿದೆ. ಇದು ಸಣ್ಣ ಬದಲಾವಣೆಯಲ್ಲ.

ಆದರೂ ಹಳೆಯ ಪ್ರಶ್ನೆ ಪೂರ್ತಿಯಾಗಿ ತೀರಿಲ್ಲ. ಲೆಕ್ಕ ಯಾರ ಕೈಯಲ್ಲಿದೆ, ಯಾವ ಭಾಷೆಯಲ್ಲಿದೆ, ಅದನ್ನು ಓದಬಲ್ಲವರು ಯಾರು? ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹಳೆಯ ದಾಖಲೆಗಳು ಕನ್ನಡದಲ್ಲಿವೆ. ಕಚೇರಿಯ ಕಾಗದಗಳು ಮಲಯಾಳದಲ್ಲಿ ಬರುತ್ತವೆ. ಭಾಷಾ ಅಲ್ಪಸಂಖ್ಯಾತರ ಪ್ರದೇಶವೆಂದು ಸಾರಿದ ಕಡೆಗಳಲ್ಲಿ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದೆಂದೂ ಉತ್ತರವನ್ನು ಕನ್ನಡದಲ್ಲಿಯೇ ಪಡೆಯಬಹುದೆಂದೂ 1969ರ ಕೇರಳದ ಆಡಳಿತ ಭಾಷಾ ಕಾನೂನು ಅವಕಾಶ ಮಾಡಿಕೊಟ್ಟಿತು. ಹಕ್ಕು ಉಳಿಯುವುದು ಅದನ್ನು ಬಳಸುವುದರಿಂದ. ಕನ್ನಡದಲ್ಲಿ ಶುದ್ಧವಾಗಿ ಒಂದು ಅರ್ಜಿ ಬರೆಯಲು ಬಾರದಿದ್ದರೆ ಆ ಹಕ್ಕು ಪುಸ್ತಕದ ಬದನೆಕಾಯಿಯಾದೀತು. ಅದರೊಂದಿಗೆ, ನಾವು ಬದುಕುವ ರಾಜ್ಯದ ಭಾಷೆಯಾದ ಮಲಯಾಳವನ್ನೂ ಓದಲು ಕಲಿಯುವುದು ಜಾಣತನ. ಎರಡು ಕಣ್ಣಿದ್ದವನಿಗೆ ಹಗಲು ದರೋಡೆ ಮಾಡುವುದು ಕಷ್ಟ.

ಆದುದರಿಂದ ವಿದ್ಯಾರ್ಥಿ ಮಿತ್ರರು ಈ ಬಾರಿಯ ರಜೆಯಲ್ಲಿ ಒಂದು ಕೆಲಸ ಮಾಡಬೇಕೆಂದು ನಾವು ಕೋರುತ್ತೇವೆ. ಮನೆಯ ಪೆಟ್ಟಿಗೆಯಲ್ಲಿರುವ ತೀರುವೆ ರಶೀದಿಯನ್ನು ಹಿರಿಯರ ಅನುಮತಿ ಪಡೆದು ತೆಗೆದು ನೋಡಿರಿ. ಅದರಲ್ಲಿ ಗ್ರಾಮದ ಹೆಸರೇನು, ಸರ್ವೆ ನಂಬ್ರ ಯಾವುದು, ಯಾರ ಹೆಸರಿನಲ್ಲಿದೆ ಎಂದು ಗಟ್ಟಿಯಾಗಿ ಓದಿ ಅಜ್ಜ ಅಜ್ಜಿಯರಿಗೆ ಕೇಳಿಸಿರಿ. ಮೂಲಗೇಣಿ, ಚಾಲಗೇಣಿ, ಉಗ್ರಾಣಿ ಎಂಬ ಮಾತುಗಳನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಿರಿ. ಪೋಷಕರಲ್ಲಿಯೂ ಒಂದು ವಿನಂತಿ: ಮಕ್ಕಳು ಕೇಳಿದಾಗ ‘ನಿನಗ್ಯಾಕೆ ಅದೆಲ್ಲ’ ಎನ್ನದೆ ತೋರಿಸಿರಿ. ಆರು ನೂರು ವರ್ಷಗಳ ಕಾಲ ನಮ್ಮ ಸೀಮೆಯ ಒಕ್ಕಲುಗಳ ಲೆಕ್ಕವನ್ನು ಬೇರೆಯವರು ಬರೆದರು, ಬೇರೆಯವರು ಓದಿದರು. ಇನ್ನು ಮುಂದೆ ಆ ಲೆಕ್ಕವನ್ನು ಒಕ್ಕಲ ಮನೆಯ ಮಕ್ಕಳೇ ಓದಲಿ. ನಾವು ಶಾಲೆಗೆ ಬಂದು ಅಕ್ಷರ ಕಲಿತುದಕ್ಕೆ ಅದಕ್ಕಿಂತ ಮಿಗಿಲಾದ ಸಾರ್ಥಕತೆ ಇಲ್ಲ.