ಗಣಕಯಂತ್ರದ ಮರಳುದಾರಿ

ಮಾಲೂರಿನ ಸೀಮೆ ಇಟ್ಟಿಗೆಗೂ ಹೆಂಚಿಗೂ ಹೆಸರಾದುದು. ಇಟ್ಟಿಗೆಯ ಅಟ್ಟಿಯಿಂದ ಕೊನೆಯಲ್ಲಿ ಇಟ್ಟುದನ್ನೇ ಮೊದಲು ತೆಗೆಯಬೇಕೆಂಬುದನ್ನು ಲಕ್ಕೂರಿನ ಕಡೆಯ ವಿದ್ಯಾರ್ಥಿಗಳಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಗಣಕಯಂತ್ರದ ಸ್ಮೃತಿಯಲ್ಲಿಯೂ ಇಂಥದೇ ಅಟ್ಟಿಯೊಂದುಂಟು. ಅದಕ್ಕೆ ಸ್ಟ್ಯಾಕ್ ಎಂದು ಹೆಸರು. ಪ್ರೋಗ್ರಾಮಿನ ಒಂದು ಕಾರ್ಯಘಟಕ, ಎಂದರೆ ಫಂಕ್ಷನ್, ಇನ್ನೊಂದನ್ನು ಕರೆದಾಗ, ಕೆಲಸ ಮುಗಿದ ಬಳಿಕ ಎಲ್ಲಿಗೆ ಮರಳಬೇಕೆಂಬ ವಿಳಾಸವು ಈ ಅಟ್ಟಿಯ ಮೇಲೆ ಕೂರುತ್ತದೆ; ಅದರ ಮೇಲೆ ಕರೆಸಿಕೊಂಡ ಫಂಕ್ಷನ್ನಿನ ಸ್ವಂತ ಸಾಮಗ್ರಿ.

ನೂರು ಕರೆಗಳ ಆಳದಲ್ಲಿ ಪ್ರೋಗ್ರಾಮು ಮುಗ್ಗರಿಸಿತೆನ್ನೋಣ. ಕರೆದವರಾರು, ಅವರನ್ನು ಕರೆದವರಾರು ಎಂದು ಒಂದೊಂದೇ ಪದರವನ್ನು ಬಿಚ್ಚುತ್ತ ಹೋಗದೆ ತಪ್ಪಿನ ಮೂಲ ತಿಳಿಯದು. ಆದರೆ ಅಟ್ಟಿಯಲ್ಲಿರುವುದೆಲ್ಲ ಬರಿಯ ಸಂಖ್ಯೆಗಳು. ಯಾವುದು ಮರಳುವ ವಿಳಾಸ, ಯಾವುದು ಲೆಕ್ಕದ ಮೊತ್ತ ಎಂಬ ಗುರುತು ಅವುಗಳ ಮೇಲಿಲ್ಲ. ಆದುದರಿಂದ ಪ್ರೋಗ್ರಾಮಿನ ಪಕ್ಕದಲ್ಲಿ ಬೇರೊಂದು ದಾಖಲೆಯೇ ಬೇಕು.

64 ಬಿಟ್‌ಗಳ ಇಂಟೆಲ್ ಮಾದರಿಯ ಯಂತ್ರವನ್ನು ತೆಗೆದುಕೊಳ್ಳೋಣ. ಫಂಕ್ಷನ್ನಿನ ಹೊಸ್ತಿಲಲ್ಲಿ ಅಟ್ಟಿಯ ತುದಿಗೂ ಕರೆದವನ ಗಡಿಗೂ ಇರುವ ದೂರ 8 ಬೈಟು. ಅಲ್ಲಿರುವುದು ಮರಳುವ ವಿಳಾಸವೊಂದೇ. ಮೊದಲನೆಯ ಆದೇಶವು ಒಂದು ರಿಜಿಸ್ಟರನ್ನು ಅಟ್ಟಿಗೆ ಏರಿಸಿದರೆ ದೂರ 16 ಆಗುತ್ತದೆ. ಎರಡನೆಯದು ತುದಿಯ ವಿಳಾಸವನ್ನು ಅದೇ ರಿಜಿಸ್ಟರಿಗೆ ನಕಲು ಮಾಡಿದರೆ ಅಲ್ಲಿಂದ ಮುಂದೆ ಅಳತೆ ಆ ರಿಜಿಸ್ಟರಿನಿಂದ. ಈ ಆದೇಶಗಳ ಉದ್ದ ಕ್ರಮವಾಗಿ 1 ಮತ್ತು 3 ಬೈಟು. ಹೀಗಾಗಿ ಲೆಕ್ಕವು 0ನೆಯ, 1ನೆಯ ಮತ್ತು 4ನೆಯ ಬೈಟಿನಲ್ಲಿ ಬದಲಾಗುತ್ತದೆ.

ಕಂಪೈಲರು "ದೂರ ಈಗ 16" ಎಂಬಂಥ ಸೂಚನೆಗಳನ್ನು ಆದೇಶಗಳ ನಡುವೆ ಬರೆದಿಡುತ್ತದೆ. ಎಷ್ಟನೆಯ ಬೈಟಿನಲ್ಲಿ ಎಂಬುದು ಅದಕ್ಕೆ ತಿಳಿಯದು. ಅದನ್ನು ಸೇರಿಸುವುದು ಆದೇಶಗಳ ಉದ್ದವನ್ನು ಅಳೆಯುವ ಅಸೆಂಬ್ಲರು. ದಾಖಲೆಯ ರೂಪವನ್ನು 1993ರ ಡ್ವಾರ್ಫ್ ಎರಡನೆಯ ಆವೃತ್ತಿಯು ಗೊತ್ತುಪಡಿಸಿತು. ಅದರಲ್ಲಿ ಬದಲಾವಣೆಗಳನ್ನು ಮಾತ್ರ ಬರೆಯುವುದು ವಾಡಿಕೆ. "ಇಷ್ಟು ಮುಂದೆ ಸರಿ" ಎಂಬುದಕ್ಕೆ ಒಂದೇ ಬೈಟು. ಅದರ 6 ಬಿಟ್‌ಗಳಲ್ಲಿ 63ರವರೆಗಿನ ಅಂತರ ಹಿಡಿಸುತ್ತದೆ. ಅದಕ್ಕೂ ಮೀರಿದರೆ 2, 3 ಅಥವಾ 5 ಬೈಟು ಬೇಕು. ಇಲ್ಲೊಂದು ಸ್ವಾರಸ್ಯವಾದ ತೊಡಕುಂಟು. ಜಿಗಿತದ ಆದೇಶವು ಗುರಿ ಸಮೀಪವಿದ್ದರೆ 2 ಬೈಟು, ದೂರವಿದ್ದರೆ 5. ಒಂದು ಜಿಗಿತ ಹಿಗ್ಗಿದರೆ ಮತ್ತೊಂದರ ಗುರಿ ದೂರವಾಗಿ ಅದೂ ಹಿಗ್ಗಬಹುದು! ಎಲ್ಲ ಉದ್ದಗಳೂ ನೆಲೆ ನಿಲ್ಲುವವರೆಗೆ ಅಸೆಂಬ್ಲರು ಮರಳಿ ಮರಳಿ ಎಣಿಸುತ್ತದೆ; ದಾಖಲೆಯ ಅಳತೆಯೂ ಅಲ್ಲಿಯವರೆಗೆ ಕಾದಿರಬೇಕು.

ದೊಡ್ಡ ಪ್ರೋಗ್ರಾಮಿನಲ್ಲಿ ಲಕ್ಷಗಟ್ಟಲೆ ಫಂಕ್ಷನ್ನುಗಳಿದ್ದು, ಪ್ರತಿಯೊಂದಕ್ಕೂ ಒಂದು ದಾಖಲೆ ಇರುತ್ತದೆ. ತುಣುಕುಗಳನ್ನು ಜೋಡಿಸುವ ಲಿಂಕರು ಇವಕ್ಕೆ ವಿಳಾಸಕ್ರಮದ ಸೂಚಿಯೊಂದನ್ನು ಕಟ್ಟುತ್ತದೆ. ನಿಘಂಟಿನಲ್ಲಿ ಪದ ಹುಡುಕುವಂತೆ ಪ್ರತಿ ಸಲವೂ ಅರ್ಧವನ್ನು ಬಿಟ್ಟುಕೊಡುತ್ತ ಹೋದರೆ 10 ಲಕ್ಷ ಫಂಕ್ಷನ್ನುಗಳ ನಡುವೆ ಬೇಕಾದುದು ಸುಮಾರು 20 ಹೋಲಿಕೆಗಳಲ್ಲಿ ಸಿಗುತ್ತದೆ. ಪ್ರೋಗ್ರಾಮು ಸುಗಮವಾಗಿ ನಡೆಯುತ್ತಿರುವಾಗ ಈ ದಾಖಲೆಯನ್ನು ಯಾರೂ ತೆರೆಯುವುದೇ ಇಲ್ಲ. ಸ್ಥಳ ಹಿಡಿಯುವುದಷ್ಟೆ, ವೇಗ ಕುಂದದು.

ಅಪಾಯವಿರುವುದೂ ಇಲ್ಲಿಯೇ. ಕೈಯಿಂದ ಅಸೆಂಬ್ಲಿ ಬರೆಯುವವರು ಒಂದು ಸೂಚನೆಯನ್ನು ಮರೆತರೆ ಲೆಕ್ಕ 8 ಬೈಟು ತಪ್ಪುತ್ತದೆ. ಪ್ರೋಗ್ರಾಮು ಮಾತ್ರ ಸರಿಯಾಗಿಯೇ ನಡೆಯುತ್ತಿರುತ್ತದೆ. ಅದು ಮುಗ್ಗರಿಸಿದ ದಿನ ಬಿಚ್ಚಹೊರಟವರ ಕೈಗೆ ವಿಳಾಸದ ಬದಲು ಬೇರಾವುದೋ ಸಂಖ್ಯೆ ಸಿಗುತ್ತದೆ. ಅಸೆಂಬ್ಲರು ಬಹುಕಾಲ ಇಂಥ ಸೂಚನೆಗಳನ್ನು ನಂಬಿ ಬರೆದುಕೊಳ್ಳುವ ಗುಮಾಸ್ತನಂತೆಯೇ ಇದ್ದಿತು. 2024ರಲ್ಲಿ ಹೊರಬಂದ ಗ್ನೂ ಅಸೆಂಬ್ಲರಿನ 2.42ನೆಯ ಆವೃತ್ತಿಯಲ್ಲಿ, ಮೇಲಿನ ಮಾದರಿಯ ಯಂತ್ರಕ್ಕೆ ಪ್ರಾಯೋಗಿಕವಾಗಿ, ಆದೇಶಗಳನ್ನು ಓದಿ ಸೂಚನೆಗಳನ್ನು ತಾನೇ ಊಹಿಸುವ ಏರ್ಪಾಡು ಸೇರಿತು. ಅಟ್ಟಿಯ ತುದಿಯನ್ನು ಲೆಕ್ಕಕ್ಕೆ ಸಿಗದಂತೆ ಸರಿಸುವ ಬರಹವನ್ನು ಕಂಡರೆ ಅದು ಊಹೆಗೆ ಹೋಗದೆ ದೋಷವೆಂದು ಹಿಂದಿರುಗಿಸುತ್ತದೆ.