ಭಾರ ಹೊರುವವರು ಯಾರು?

ನೀಲಗಿರಿಯ ದೇವಾಲದ ಹುಡುಗ ಹುಡುಗಿಯರೇ,

ಮೊದಲ ಸಲ ಮತ ಹಾಕುವವರು, ವಾರ್ಡಿನ ಸಭೆಯಲ್ಲಿ ಎದ್ದುನಿಂತು ಮಾತಾಡಬೇಕೆಂದಿರುವವರು ನಿಮ್ಮಲ್ಲಿದ್ದಾರೆ. ನಿಮಗೆ ಎರಡು ಬಗೆಯ ಬುದ್ಧಿವಾದ ಸಿಗುತ್ತದೆ. "ದೇವರು ದಿಂಡರ ಮಾತನ್ನು ಮನೆಯಲ್ಲೇ ಬಿಟ್ಟು ಬಾ" ಎನ್ನುವವರು ಒಂದು ಕಡೆ. "ಧರ್ಮದ ವಿಷಯದಲ್ಲಿ ಚರ್ಚೆಯೇ ಇಲ್ಲ, ಪಟ್ಟು ಬಿಡಬೇಡ" ಎನ್ನುವವರು ಇನ್ನೊಂದು ಕಡೆ. ಎರಡನ್ನೂ ಕೇಳಬೇಡಿ.

ಮೊದಲನೆಯದು ಯಾಕೆ ಬೇಡ, ಹೇಳುತ್ತೇನೆ. 1880ರ ಆಸುಪಾಸಿನಲ್ಲಿ ನಮ್ಮ ಈ ಗುಡ್ಡಗಳನ್ನು ಚಿನ್ನದ ಆಸೆಗೆ ಅಗೆದರು. ಕಂಪನಿಗಳು ಎದ್ದವು, ಬಿದ್ದವು, ಚಿನ್ನ ಕೈಹತ್ತಲಿಲ್ಲ. ಇಲ್ಲಿನ ಆದಿವಾಸಿಗಳಾದ ಪಣಿಯರನ್ನೋ ಕಾಟ್ಟುನಾಯಕರನ್ನೋ ಒಂದು ಮಾತು ಕೇಳುವ ಪದ್ಧತಿಯೇ ಆಗ ಇರಲಿಲ್ಲ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಯ ಪ್ರಶ್ನೆ ಬಂದಾಗ ಕಾಲ ಬದಲಾಗಿತ್ತು. ಅಲ್ಲಿನ ಆದಿವಾಸಿಗಳಾದ ಡೋಂಗ್ರಿಯಾ ಕೊಂಧರು ಆ ಬೆಟ್ಟವೇ ತಮ್ಮ ನಿಯಮರಾಜನ ನೆಲೆ ಎಂದರು. ಗಣಿಯಿಂದ ಅವರ ಆರಾಧನೆಯ ಹಕ್ಕಿಗೆ ಧಕ್ಕೆಯಾಗುತ್ತದೆಯೇ ಎಂಬುದನ್ನು ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 12 ಗ್ರಾಮಸಭೆಗಳು ಕೂಡಿದವು. ಹನ್ನೆರಡೂ ಗಣಿ ಬೇಡವೆಂದವು. ದೇವರ ಮಾತು ಸಭೆಯಲ್ಲಿ ಎತ್ತಲೇಬಾರದು ಎಂಬ ಕಟ್ಟಳೆ ಇದ್ದಿದ್ದರೆ ಆ ಜನ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕಾಗುತ್ತಿತ್ತು. ಹತ್ತಿರದ ಉದಾಹರಣೆಯೂ ಇದೆ. ನಮ್ಮ ನೆರೆಯ ನೆಲ್ಲಿಯಾಳದ ಹಳೆಯ ಅರಸು ಮನೆತನ ಕನ್ನಡ ನುಡಿಯುವ ಲಿಂಗಾಯತರದು. ಅವರು ನಡೆದುಕೊಂಡ ಧರ್ಮದ ಶರಣರು ಜಾತಿಯ ಮೇಲುಕೀಳನ್ನು ಪ್ರಶ್ನಿಸಿದ್ದು ಶಿವನನ್ನು ಮುಂದಿಟ್ಟುಕೊಂಡೇ. ಭಕ್ತಿಯ ಮಾತನ್ನು ಹೊರಗಿಟ್ಟರೆ ಸಮಾನತೆಯ ಎಷ್ಟೋ ಮಾತುಗಳೂ ಅದರ ಜೊತೆಗೇ ಹೊರಗೆ ಹೋಗುತ್ತವೆ.

ಎರಡನೆಯದು ಯಾಕೆ ಬೇಡವೆಂದು ತಿಳಿಯಲು ದಕ್ಷಿಣ ಕನ್ನಡದ ಮೂಲ್ಕಿಯ ಕತೆ ಕೇಳಿ. ಆಗ ಅದೂ ನಮ್ಮ ನೀಲಗಿರಿಯೂ ಒಂದೇ ಮದರಾಸು ಪ್ರಾಂತ್ಯದಲ್ಲಿದ್ದವು. 1947ರಲ್ಲಿ ಬಂದ ದೇವಸ್ಥಾನ ಪ್ರವೇಶ ಕಾಯ್ದೆ ಎರಡು ಕಡೆಗೂ ಅನ್ವಯಿಸುತ್ತಿತ್ತು. ಮೂಲ್ಕಿಯ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರದು, ಗುಡಿಯಲ್ಲಿ ಯಾರು ಎಲ್ಲಿಯವರೆಗೆ ಬರಬಹುದೆಂದು ಆಗಮಗಳೇ ಹೇಳಿವೆ, ಕಾಯ್ದೆ ನಮಗೆ ತಾಗದು ಎಂದು ಮೊಕ್ತೇಸರರು ನ್ಯಾಯಾಲಯದ ಮೆಟ್ಟಿಲೇರಿದರು. ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿ 1957ರ ನವೆಂಬರಿನಲ್ಲಿ ಇತ್ಯರ್ಥವಾಯಿತು. ಕೋರ್ಟು ಆಗಮದ ಮಾತನ್ನು ಕಂದಾಚಾರವೆಂದು ತಳ್ಳಿಹಾಕಲಿಲ್ಲ. ದೇವಸ್ಥಾನ ಆ ಸಮುದಾಯದ್ದೇ ಹೌದು, ಒಳಗೆ ಯಾರು ಬರಬೇಕೆಂಬುದು ಧರ್ಮದ ವಿಷಯವೇ ಹೌದು ಎಂದು ಒಪ್ಪಿಕೊಂಡಿತು. ಒಪ್ಪಿದ ಮೇಲೂ, ಹಿಂದೂಗಳ ಸಾರ್ವಜನಿಕ ಗುಡಿಗಳನ್ನು ಎಲ್ಲ ವರ್ಗದ ಹಿಂದೂಗಳಿಗೆ ತೆರೆಯುವ ಕಾನೂನಿಗೆ ಸಂವಿಧಾನದ 25ನೇ ವಿಧಿಯ ಬಲವಿದೆ, ಅದರೆದುರು ಪಂಥದ ಹಕ್ಕು ಮೇಲಾಗದು ಎಂದಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಆ ಸಮುದಾಯಕ್ಕೇ ಬಿಟ್ಟಿತು.

ನಿಯಮಗಿರಿಯಲ್ಲಿ ಗೆದ್ದ ದೇವರ ಮಾತು ಮೂಲ್ಕಿಯಲ್ಲಿ ಯಾಕೆ ಪೂರ್ತಿ ಗೆಲ್ಲಲಿಲ್ಲ? ನಂಬಿಕೆಯ ಭಾರ ಯಾರ ಹೆಗಲ ಮೇಲೆ ಬಿತ್ತು ಎಂದು ನೋಡಿ. ಕೊಂಧರು ತಮ್ಮ ಬೆಟ್ಟ ತಮಗೆ ಉಳಿಯಲಿ ಎಂದರು. ಮೂಲ್ಕಿಯಲ್ಲಿ ನಂಬಿಕೆ ಒಬ್ಬರದು, ಬಾಗಿಲ ಹೊರಗೆ ನಿಲ್ಲಬೇಕಾದವರು ಇನ್ನೊಬ್ಬರು. ಭಾರ ಹೊರುವವರಿಗೆ ನಿಮ್ಮ ಶಾಸ್ತ್ರ ತೋರಿಸಿದರೆ ಸಾಲದು. ಅವರೂ ತೂಗಿ ನೋಡಬಹುದಾದ ಕಾರಣ ಕೊಡಬೇಕು.

ಸಂವಿಧಾನ ಸಭೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಪೀಠಿಕೆ ದೇವರ ಹೆಸರಿನಿಂದ ಶುರುವಾಗಲಿ ಎಂದು ತಿದ್ದುಪಡಿ ತಂದರು. ಅದು ನಂಬಿಕೆಯ ವಿಷಯದಲ್ಲಿ ಬಲವಂತವಾಗುತ್ತದೆ ಎಂದು ಪಟ್ಟಂ ತಾಣು ಪಿಳ್ಳೈ ಆಕ್ಷೇಪಿಸಿದರು. ಮತಕ್ಕೆ ಹಾಕಿದಾಗ ಪರವಾಗಿ 41, ವಿರುದ್ಧ 68. ಆದರೆ ಪ್ರಮಾಣವಚನದಲ್ಲಿ ಎರಡು ದಾರಿಯನ್ನೂ ಇಟ್ಟರು. ಈಗಲೂ ನಮ್ಮ ತಮಿಳುನಾಡಿನ ಶಾಸಕರಲ್ಲಿ ಕೆಲವರು ದೇವರ ಹೆಸರಿನಲ್ಲಿ, ಕೆಲವರು ಮನಃಸಾಕ್ಷಿಯಾಗಿ ಪ್ರಮಾಣ ಮಾಡುತ್ತಾರೆ. ಇಬ್ಬರ ಮತಕ್ಕೂ ಬೆಲೆ ಒಂದೇ.

ಇನ್ನು ನಮ್ಮ ಬೀದಿಗೆ ಬನ್ನಿ. ನಾಳೆ ಸಭೆಯಲ್ಲಿ ಮೈಕಿನ ಜಗಳ ಬರುತ್ತದೆ ಎನ್ನಿ. "ಇದು ನಮ್ಮ ಸಂಪ್ರದಾಯ" ಎಂದಷ್ಟೇ ಹೇಳಿ ಕೂರಬೇಡಿ. ಬೆಳಗಾದರೆ ಚಹಾ ತೋಟಕ್ಕೆ ಎಲೆ ಕೀಳಲು ಹೋಗುವ ಅಕ್ಕನೂ ಹತ್ತನೇ ತರಗತಿಯ ಪರೀಕ್ಷೆ ಬರೆಯುವ ಮಗುವೂ ಆ ಸದ್ದಿನ ಭಾರ ಹೊರುವವರು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬೀದಿಯಲ್ಲಿ ಮೈಕ್ ಕೂಡದು ಎನ್ನುವ 2000ನೇ ಇಸವಿಯ ಶಬ್ದ ನಿಯಮವೇ, ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಸಲು ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. ಹಬ್ಬಕ್ಕೂ ಜಾಗವಿದೆ, ನಿದ್ದೆಗೂ ಜಾಗವಿದೆ. ನಿಮ್ಮ ಗುಡಿಗೆ ಕೇಳುವ ರಿಯಾಯಿತಿಯನ್ನು ಮಸೀದಿಗೂ ಚರ್ಚಿಗೂ ಕೊಡಲು ಮನಸ್ಸು ಒಪ್ಪುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಒಪ್ಪದಿದ್ದರೆ ನೀವು ಎತ್ತಿದ್ದು ಧರ್ಮದ ಮಾತಲ್ಲ, ಬರೀ ಜಂಬ.

ದೇವರನ್ನು ನಂಬದ ಮಕ್ಕಳಿಗೂ ಒಂದು ಮಾತು. ಸಭೆಯಲ್ಲಿ ಯಾವುದೋ ಅಜ್ಜಿ "ಆ ತೊರೆಯ ಬಳಿ ದೇವರಿದೆ, ಮರ ಕಡಿಯಬೇಡಿ" ಎಂದರೆ ಕಿಸಕ್ಕೆಂದು ನಗಬೇಡಿ. ಕಡಿದರೆ ಏನಾಗುತ್ತದೆ ಎಂದು ಆಕೆಯನ್ನೇ ಕೇಳಿ. ಬೇಸಿಗೆಯಲ್ಲಿ ಆ ತೊರೆಯಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತದೆಂಬುದು ಅಧಿಕಾರಿಗಿಂತ ಆಕೆಗೆ ಚೆನ್ನಾಗಿ ಗೊತ್ತಿರಬಹುದು.

ಇಷ್ಟೆಲ್ಲ ಮಾಡಿಯೂ ನೀವು ಸೋಲಬಹುದು. ಅಂದು ಸೋತ ಕಾಮತರು ಸಭೆಗೆ ಬೆನ್ನು ಹಾಕಲಿಲ್ಲ. ಮುಂದೆ ಲೋಕಸಭೆಗೆ ಗೆದ್ದು ಬಂದು ವಾದ ಮುಂದುವರಿಸಿದರು. ಸಭೆಯಲ್ಲಿ ಬಿದ್ದುಹೋಗುವುದು ನಿಮ್ಮ ವಾದ, ನಿಮ್ಮ ದೇವರಲ್ಲ. ಇದು ಮನಸ್ಸಿಗೆ ಹಿಡಿದರೆ ಸೋತ ದಿನ ಬೀದಿಗಿಳಿದು ಕಲ್ಲು ಹುಡುಕುವ ಕೆಲಸ ಇರುವುದಿಲ್ಲ. ಮುಂದಿನ ಸಭೆಗೆ ಇನ್ನೂ ಒಳ್ಳೆಯ ಕಾರಣ ಹುಡುಕುವ ಕೆಲಸ ಇರುತ್ತದೆ.